ಟ್ಯೂರಿನ್ ಚಳಿಯಲ್ಲಿ ಇಟಲಿ ಅಕ್ಕಿಯ ದೋಸೆ: ನನ್ನ ಅನುಭವ

ಟ್ಯೂರಿನ್‌ನಲ್ಲಿ, ಜನವರಿ ಚಳಿಯಲ್ಲಿ, ಇಲ್ಲೇ ಬೆಳೆದ ಅಕ್ಕಿಯಲ್ಲಿ, ಈನೋ ಸೋಡಾ ಏನೂ ಇಲ್ಲದೆ ದೋಸೆ ಹಿಟ್ಟು ಉಬ್ಬುತ್ತದೆ. ಕಳೆದ ಚಳಿಗಾಲ ಪೂರ್ತಿ ಒಂದು ಶನಿವಾರವೂ ಹಿಟ್ಟು ಕೈಕೊಟ್ಟಿಲ್ಲ. ಮಿಲಾನ್‌ನ ಗೆಳೆಯರು "ಇಟಲಿ ಅಕ್ಕೀಲಿ ದೋಸೆ ಆಗಲ್ಲ ಗುರು, ಗೋಂದು ಆಗುತ್ತೆ" ಅಂದಿದ್ದರು. ಅಮ್ಮ ವಿಡಿಯೋ ಕಾಲ್‌ನಲ್ಲಿ "ಆ ಥಂಡೀಲಿ ಹುಳಿ ಬರಲ್ಲ ಕಣೋ, ಸುಮ್ನೆ ಉದ್ದಿನಬೇಳೆ ಹಾಳು ಮಾಡ್ಬೇಡ" ಅಂತ ಬೈದಿದ್ದರು. ಈಗ ಅದೇ ಮಿಲಾನ್ ಗೆಳೆಯರು ಭಾನುವಾರ ಬೆಳಿಗ್ಗೆ ರೈಲು ಹತ್ತಿ ನಮ್ಮ ಮನೆಗೆ ಬರುತ್ತಾರೆ.

ದೋಸೆ ಹುಯ್ಯೋದು ನಿಮಗೆಲ್ಲ ಗೊತ್ತು. ಅಕ್ಕಿ, ಕಾವು, ಕರೆಂಟು, ಇಷ್ಟರ ಬಗ್ಗೆ ಹೇಳುತ್ತೇನೆ.

ಮೊದಲು ಅಕ್ಕಿ. ಏಷ್ಯನ್ ಅಂಗಡಿಯ ಇಡ್ಲಿ ಅಕ್ಕಿ ಕೆಜಿಗೆ ಮೂರು, ಮೂರೂವರೆ ಯೂರೋ. ಅದೂ ಹೋದಾಗೆಲ್ಲ ಸಿಗಲ್ಲ. ಬಾಸ್ಮತಿ ಹಾಕಿ ನೋಡಿದೆ. ದೋಸೆ ಒಣಒಣ ಆಯಿತು, ಮಡಚಿದರೆ ಮುರಿಯಿತು. ಆರ್ಬೋರಿಯೊ ಅನ್ನೋ ಇಲ್ಲಿನ ಅಕ್ಕಿ ಹಾಕಿದೆ. ಪಾತ್ರೆಯಲ್ಲಿ ಹಿಟ್ಟು ಬೆಣ್ಣೆ ಥರ ಚೆಂದ ಕಂಡಿತು, ಆದರೆ ಕಾವಲಿ ಮೇಲೆ ಸೌಟು ತಿರುಗಿಸಿದರೆ ಹಿಟ್ಟು ಹರಡದೆ ಸೌಟಿನ ಹಿಂದೆಯೇ ಎದ್ದು ಬಂತು. ಗೆಳೆಯರು ಗೋಂದು ಅಂದಿದ್ದು ಇದಕ್ಕೇ. ಕಾರ್ನರೋಲಿ ಅನ್ನೋ ಇನ್ನೊಂದು ಅಕ್ಕಿ ಪರವಾಗಿಲ್ಲ, ಆದರೆ ರಿಸೊಟ್ಟೊ, ಅಂದರೆ ಇಲ್ಲಿನವರ ಮುದ್ದೆಮುದ್ದೆ ಅನ್ನದ ಅಡುಗೆ, ಮಾಡೋ ಅಕ್ಕಿ ಅದು. ಕೆಜಿಗೆ ನಾಲ್ಕೈದು ಯೂರೋ ಕೊಟ್ಟು ರುಬ್ಬೋಕೆ ಮನಸ್ಸು ಬರಲಿಲ್ಲ.

ಸಿಕ್ಕಿದ್ದು ಸೂಪರ್‌ಮಾರ್ಕೆಟ್‌ನ ಕೆಳಗಿನ ಶೆಲ್ಫಿನಲ್ಲಿ. ಪಾರ್‌ಬಾಯಿಲ್ಡ್ ಅಂತ ಬರೆದ ರೀಬೆ ಅಕ್ಕಿ. ಇಲ್ಲಿನವರು ಬೇಸಿಗೆಯಲ್ಲಿ ಅಕ್ಕಿ ಸಲಾಡ್ ಮಾಡೋಕೆ ಕೊಳ್ಳುತ್ತಾರೆ, ಕಾಳು ಒಂದಕ್ಕೊಂದು ಅಂಟಲ್ಲ ಅಂತ. ನಸು ಹಳದಿ ಬಣ್ಣ ನೋಡಿದ ಕೂಡಲೇ ಗೊತ್ತಾಯಿತು, ಇದು ನಮ್ಮ ಕುಸುಬಲಕ್ಕಿಯೇ. ಎರಡು ಯೂರೋ ಒಳಗೆ ಒಂದು ಕೆಜಿ. ಈಗ ನನ್ನ ಲೆಕ್ಕ ಹೀಗೆ: ಮೂರು ಲೋಟ ರೀಬೆ, ಒಂದು ಲೋಟ ಒರಿಜಿನಾರಿಯೊ ಅನ್ನೋ ಗುಂಡಕ್ಕಿ, ಒಂದು ಲೋಟಕ್ಕಿಂತ ಚೂರು ಜಾಸ್ತಿ ಗುಂಡುದ್ದು, ಮೆಂತ್ಯ, ಒಂದು ಹಿಡಿ ಅವಲಕ್ಕಿ. ರುಬ್ಬುವಾಗ ಕೊನೆಯಲ್ಲಿ ಇನ್ನೊಂದು ಹಾಕುತ್ತೇನೆ. ಅದನ್ನು ಮಿಲಾನ್‌ನವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಅಕ್ಕಿ ಮಾತು ಬಂದಾಗ, ಸುತ್ತಲೂ ಭತ್ತದ ಗದ್ದೆಯೇ ಇರುವ ವೆರ್ಚೆಲ್ಲಿ ಊರಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಟ್ಯೂರಿನ್‌ನಿಂದ ಮಿಲಾನ್ ಕಡೆ ಹೋಗೋ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ ಆಚೀಚೆ. ಏಪ್ರಿಲ್, ಮೇ ತಿಂಗಳಲ್ಲಿ ಹಳಿಯ ಎರಡೂ ಕಡೆ ಗದ್ದೆ ತುಂಬ ನೀರು. ಕೀವಾಸ್ಸೊದಲ್ಲಿ ಪೊ ನದಿಯಿಂದ ಹೊರಡುವ ಕವೂರ್ ಕಾಲುವೆ 1866ರಲ್ಲಿ ಮುಗಿದಿದ್ದು. ಈ ಬಯಲಿಗೆಲ್ಲ ನೀರುಣಿಸೋಕೆ ಅಂತಲೇ ಅದನ್ನು ತೋಡಿದ್ದು. ನಾನು ಗಂಗಾವತಿ ಕಡೆಯವನು, ತುಂಗಭದ್ರಾ ಕಾಲುವೆ ನೋಡಿಕೊಂಡೇ ಬೆಳೆದವನು. ರೈಲಿಂದ ಆ ಗದ್ದೆ ಕಂಡ ದಿನ ಈ ಅಕ್ಕಿಯಲ್ಲಿ ದೋಸೆ ಮಾಡಿಯೇ ತೀರಬೇಕು ಅನ್ನಿಸಿತ್ತು. ಅಲ್ಲಿ ಒಂದು ರೈಸ್‌ಮಿಲ್‌ನಲ್ಲಿ ನುಚ್ಚು ಕೂಡ ಸಿಗುತ್ತದೆ, ನಾಯಿ ಸಾಕಿದವರು ಒಯ್ಯುತ್ತಾರೆ. ಕೆಜಿಗೆ ಒಂದು ಯೂರೋ ಇರಬಹುದು. ನುಚ್ಚಿನ ಉಪ್ಪಿಟ್ಟು ಬಲು ಚೆನ್ನಾಗಿ ಬಂತು. ಮಿಲ್ಲಿನವರಿಗೆ ಒಂದು ಡಬ್ಬಿ ಕೊಟ್ಟು ಬಂದೆ.

ಇನ್ನು ಕಾವು. ದುಡ್ಡು, ಬೇಳೆ ಎಲ್ಲ ಹೋಗಿದ್ದು ಇಲ್ಲೇ. ಈ ಭಾಗದಲ್ಲಿ ಕಟ್ಟಡದ ಹೀಟಿಂಗ್ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 14 ಗಂಟೆ. ರಾತ್ರಿ ಆರಿಸಿಬಿಡುತ್ತಾರೆ. ಹಿಟ್ಟಿಗೆ ಕಾವು ಬೇಕಾಗಿರೋದೇ ಆಗ. ರೇಡಿಯೇಟರ್ ಪಕ್ಕ ಪಾತ್ರೆ ಇಟ್ಟರೆ ಒಂದು ಮಗ್ಗುಲು ಹುಳಿ, ಇನ್ನೊಂದು ಮಗ್ಗುಲು ಹಸಿ. ಕಂಬಳಿ ಸುತ್ತಿದರೂ ಅಷ್ಟೇ, ಬೆಳಗಿನ ಹೊತ್ತಿಗೆ ಅಡುಗೆಮನೆ 16 ಡಿಗ್ರಿಗೆ ಇಳಿದಿರುತ್ತದೆ. ಓವನ್ ಅನ್ನು ಅತಿ ಕಡಿಮೆಗೆ, 50ಕ್ಕೆ ಇಟ್ಟರೆ ಪಾತ್ರೆಯ ಅಂಚಿನಲ್ಲಿ ಹಿಟ್ಟು ಬೆಂದು ಗಟ್ಟಿ ಪದರ ಕಟ್ಟಿತು. ಆನ್‌ಲೈನ್‌ನಲ್ಲಿ ಮೊಸರು ಮಾಡೋ ಯಂತ್ರ ತರಿಸಿದೆ, ಮೂವತ್ತು ಯೂರೋ ಚಿಲ್ಲರೆ. ಅದರೊಳಗೆ ಮಕ್ಕಳ ಊಟಕ್ಕಾಗುವಷ್ಟು ಹಿಟ್ಟೂ ಹಿಡಿಯಲ್ಲ. ಈಗ ಅದರಲ್ಲಿ ಮೊಸರೇ ಮಾಡುತ್ತೇವೆ.

ದಾರಿ ತೋರಿಸಿದ್ದು ಮೇಲಿನ ಮನೆಯ ಸಿನ್ಯೋರಾ. ಎಪ್ಪತ್ತು ದಾಟಿದ ಹೆಂಗಸು, ವಾರಕ್ಕೊಮ್ಮೆ ಪಿಜ್ಜಾ ಹಿಟ್ಟು ನಾದುತ್ತಾರೆ. ನಾನು ಕಂಬಳಿ ಸುತ್ತಿದ ಪಾತ್ರೆ ನೋಡಿ "ಫೋರ್ನೊ ಸ್ಪೆಂತೊ, ಲೂಚೆ ಅಚ್ಚೇಸಾ" ಅಂದರು. ಓವನ್ ಆಫ್ ಇರಲಿ, ಒಳಗಿನ ದೀಪ ಮಾತ್ರ ಉರಿಯಲಿ, ಅಷ್ಟೇ! ಇಟಲಿಯ ಎಷ್ಟೋ ಮನೆಗಳಲ್ಲಿ ಪಿಜ್ಜಾ ಹಿಟ್ಟು ಉಬ್ಬೋದು ಹೀಗೇ. ಬಾಗಿಲು ಮುಚ್ಚಿಟ್ಟರೆ ನಮ್ಮ ಓವನ್ನಿನ 25 ವ್ಯಾಟ್ ಬಲ್ಬು ನಿಧಾನಕ್ಕೆ 28, 30 ಡಿಗ್ರಿಗೆ ತಂದು ನಿಲ್ಲಿಸುತ್ತದೆ. ಹನ್ನೆರಡು ಗಂಟೆ ಉರಿದರೂ ಕಾಲು ಯೂನಿಟ್ಟಿಗಿಂತ ಚೂರು ಜಾಸ್ತಿ, ಹತ್ತು ಸೆಂಟ್ ಒಳಗೆ. ಕೆಲವು ಹೊಸ ಓವನ್‌ಗಳಲ್ಲಿ ಎಲ್‌ಇಡಿ ಇರುತ್ತದೆ. ಅದು ಬೆಳಕು ಕೊಡುತ್ತದೆ, ಬಿಸಿ ಕೊಡಲ್ಲ. ಅಂಥವರು ಎರಡು ಬಾಟಲಿ ಬಿಸಿನೀರು ಇಟ್ಟು, ಮಲಗುವ ಮುಂಚೆ ಒಮ್ಮೆ ಬದಲಿಸಿ.

ಗ್ರೈಂಡರ್ ಬೆಂಗಳೂರಿಂದ ತಂದಿದ್ದು. ಹತ್ತು ಹನ್ನೆರಡು ಕೆಜಿ, ಅಂದರೆ ಲಗೇಜಿನ ಅರ್ಧ ಅದೇ. ವೋಲ್ಟೇಜು ಒಂದೇ, ಪ್ಲಗ್ ಮಾತ್ರ ಕೂರಲ್ಲ. ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಗ್ ಬದಲಾಯಿಸಿದರು, ನಾಲ್ಕೋ ಐದೋ ಯೂರೋ. ನಮ್ಮ ಮೀಟರು 3 ಕಿಲೋವ್ಯಾಟಿನದು. ಗ್ರೈಂಡರ್ ಜೊತೆ ವಾಷಿಂಗ್ ಮೆಷಿನ್ ನಡೆಯುತ್ತದೆ, ಓವನ್ನನ್ನೂ ಬಿಸಿಗೆ ಹಾಕಿದರೆ ಮನೆಯೆಲ್ಲ ಕತ್ತಲೆ. ಜಾಸ್ತಿ ಕರೆಂಟು ಎಳೆಯೋ ಕೆಲಸ ಭಾನುವಾರಕ್ಕೆ ಇಟ್ಟುಕೊಳ್ಳಿ. ಹೊತ್ತಿಗೊಂದು ದರದ ಕರೆಂಟು ಇದ್ದರೆ ಆ ದಿನವಿಡೀ ಕಡಿಮೆ ದರ, ಶನಿವಾರ ರಾತ್ರಿ 11ರ ನಂತರವೂ ಅಷ್ಟೇ. ಆದರೆ ರುಬ್ಬೋದನ್ನು ಮಾತ್ರ ರಾತ್ರಿಗೆ ಇಟ್ಟುಕೊಳ್ಳಬೇಡಿ, ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ.

ಹಾಗಾಗಿ ಶನಿವಾರ ಹೀಗೆ ಸಾಗುತ್ತದೆ. ಏಳಕ್ಕೆ ಎದ್ದು ನೆನೆಹಾಕುತ್ತೇನೆ. ಮೋಕಾ ಅನ್ನೋ ಇಲ್ಲಿನ ಕಾಫಿ ಪಾತ್ರೆಯಲ್ಲಿ ಕಾಫಿ ಇಳಿಸಿ, ಬಿಸಿ ಹಾಲಿಗೆ ಬೆರೆಸಿ ಸ್ಟೀಲ್ ಲೋಟದಲ್ಲಿ ಕುಡಿದು, ಟ್ರಾಮ್ ಹಿಡಿದು ಪೋರ್ತಾ ಪಲಾತ್ಸೊ ಸಂತೆಗೆ. ಕೊತ್ತಂಬರಿ, ಮೆಣಸಿನಕಾಯಿ ಮೊರಾಕ್ಕೊದವರ ಹತ್ತಿರ. ತೆಂಗಿನಕಾಯಿ ಒಂದೂವರೆ ಯೂರೋ. ಕಿವಿ ಹತ್ತಿರ ಅಲುಗಾಡಿಸಿ, ನೀರು ಕುಲುಕದಿದ್ದರೆ ಬಿಟ್ಟುಬಿಡಿ, ಒಳಗೆ ಕಮಟಾಗಿರುತ್ತದೆ. ಬೆಣ್ಣೆ ರೈತರ ಸಾಲಿನಲ್ಲಿ. ಸಂತೆಯ ಹಿಂದೆ ಬಾಲೂನ್ ಅಂತ ಹಳೇ ಸಾಮಾನಿನ ಮಾರುಕಟ್ಟೆ ಶನಿವಾರ ಸೇರುತ್ತದೆ. ನನ್ನ ಕಾವಲಿ ಅಲ್ಲಿಯದೇ, ದಪ್ಪ ಕಬ್ಬಿಣದ ಹಳೇ ಬಾಣಲೆ. ಹನ್ನೆರಡು ಕೇಳಿದರು, ಎಂಟಕ್ಕೆ ತಂದೆ. ತೂತಿರೋದನ್ನು ತರಬೇಡಿ, ಅದು ಚೆಸ್ಟ್‌ನಟ್ ಸುಡೋದಕ್ಕೆ. ಹನ್ನೊಂದೂವರೆಗೆ ವಾಪಸ್ಸು ಬಂದು ರುಬ್ಬಲು ಶುರು. ನಮ್ಮ ಕಟ್ಟಡದಲ್ಲಿ ಒಂದು ಗಂಟೆಯಿಂದ ಸದ್ದು ಮಾಡುವ ಹಾಗಿಲ್ಲ, ಅಷ್ಟರಲ್ಲಿ ಮುಗಿಯಬೇಕು. ಗ್ರೈಂಡರ್ ಕೆಳಗೆ ಹಳೇ ಯೋಗ ಮ್ಯಾಟ್ ಹಾಸುತ್ತೇನೆ. ಸಂಜೆ ಆರರವರೆಗೆ ಹಿಟ್ಟು ಹೊರಗೇ ಇರಲಿ, ಆಮೇಲೆ ಓವನ್ನಿನ ದೀಪ ಹಾಕಿ ಒಳಗಿಡಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಅಂಚಿಗೆ ಬಂದಿರುತ್ತದೆ. ಸೌಟು ಹಾಕಿದರೆ ಒಳಗೆಲ್ಲ ಜಾಲರಿ ಜಾಲರಿ. ಹನ್ನೆರಡೂವರೆಗೆ ಮಿಲಾನ್‌ನವರು, ಒಂದಕ್ಕೆ ಸರಿಯಾಗಿ ಸಿನ್ಯೋರಾ ಮತ್ತು ಅವರ ಮೊಮ್ಮಗ. ಇಲ್ಲಿ ಭಾನುವಾರದ ಮಧ್ಯಾಹ್ನದ ಊಟ ಅಂದರೆ ಎಲ್ಲರೂ ಕೂತೇ ತಿನ್ನಬೇಕು, ಒಬ್ಬೊಬ್ಬರಿಗೆ ಬಿಸಿಬಿಸಿ ಹಾಕಿಕೊಡುತ್ತಾ ನಾನು ಒಲೆ ಮುಂದೆ ನಿಂತರೆ ಸಿನ್ಯೋರಾಗೆ ಸರಿಬರಲ್ಲ. ಅದಕ್ಕೆ ಎರಡು ಕಾವಲಿ ಇಟ್ಟು, ಒಂದು ಸುತ್ತು ಹುಯ್ದು, ನಾನೂ ಕೂರುತ್ತೇನೆ, ಮತ್ತೆ ಏಳುತ್ತೇನೆ. ಸಿನ್ಯೋರಾ ದೋಸೆ ಮೇಲೆ ಕರಿಮೆಣಸು ಉದುರಿಸಿಕೊಳ್ಳುತ್ತಾರೆ, ಫರಿನಾತಾಕ್ಕೆ ಉದುರಿಸುವ ಹಾಗೆ. ಫರಿನಾತಾ ಅಂದರೆ ಕಡಲೆಹಿಟ್ಟನ್ನು ನೀರಲ್ಲಿ ಕಲಸಿ, ಗಂಟೆಗಟ್ಟಲೆ ಬಿಟ್ಟು, ಎಣ್ಣೆ ಹಾಕಿ ಓವನ್ನಿನಲ್ಲಿ ಬೇಯಿಸೋದು. ಬೆಣ್ಣೆ ದೋಸೆಗೆ ಆ ಮೆಣಸು ತುಂಬಾ ಹೊಂದುತ್ತದೆ, ಒಮ್ಮೆ ಮಾಡಿ ನೋಡಿ.

ದೋಸೆ ಹಿಟ್ಟನ್ನೇ ಫರಿನಾತಾ ಥರ ತಟ್ಟೆಗೆ ಸುರಿದು 250 ಡಿಗ್ರಿಯಲ್ಲಿ ಬೇಯಿಸಿಯೂ ನೋಡಿದೆ. ಮೇಲೆ ಗರಿಗರಿ, ಒಳಗೆ ಸೆಟ್ ದೋಸೆಯ ಮೆದು. ಮೊಮ್ಮಗ ಅದನ್ನೇ ಇನ್ನೊಮ್ಮೆ ಕೇಳಿದ. ಡುರಮ್ ಗೋಧಿ ರವೆಯಲ್ಲಿ ರವೆ ಇಡ್ಲಿ ಕೂಡ ಬರುತ್ತದೆ, ಆದರೆ ನುಣ್ಣಗೆ ಎರಡು ಸಲ ಬೀಸಿದ್ದು ಬೇಡ, ದಪ್ಪ ಸೆಮೊಲಿನೊ ತಗೊಳ್ಳಿ. ಈಗ ಒರಿಜಿನಾರಿಯೊ ಒಂದನ್ನೇ ಹಾಕಿ ನೀರುದೋಸೆ ಮಾಡುತ್ತಿದ್ದೇನೆ. ಅಂಚು ಏಳುತ್ತಿದೆ, ನಡುವೆ ಇನ್ನೂ ಅಂಟುತ್ತಿದೆ. ಅರ್ಧ ಭಾಗ ರೀಬೆ ಸೇರಿಸಿ ಮುಂದಿನ ವಾರ ನೋಡಬೇಕು.