ಉತ್ಸವಕ್ಕೆ ನಾಟಕ ಆರಿಸುವಾಗ ನಾನು ನೋಡೋದೇನು?

ನಾಟಕೋತ್ಸವಗಳ ಕ್ಯುರೇಟರ್ ಆಗಿ ಧಾರವಾಡದಲ್ಲಿ ಕೆಲಸ ಮಾಡುತ್ತೇನೆ. ಯಾವ ನಾಟಕ ಕರೆಸಬೇಕು, ಎಲ್ಲಿ ಆಡಿಸಬೇಕು, ಯಾವುದರ ಹಿಂದೆ ಯಾವುದು ಬರಬೇಕು, ಇದೆಲ್ಲ ನನ್ನ ಪಾಲಿನದು. ಮೊದಲು ಬೆಳಕಿನ ಕೆಲಸ ಮಾಡಿದೆ. ಆಮೇಲೆ ತಂಡಗಳ ಊಟ, ವಸತಿ, ಸಾಮಾನಿನ ಲಾರಿ ನೋಡಿಕೊಂಡೆ. ಆ ದುಡಿಮೆಯೇ ಇವತ್ತಿಗೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬರೀ ವಿಡಿಯೊ ನೋಡಿ ನಾಟಕ ಒಪ್ಪುವುದಿಲ್ಲ. ಅದರಲ್ಲಿ ನಟರು ಕಾಣುತ್ತಾರೆ, ನೋಡುವವರು ಕಾಣೋದಿಲ್ಲ. ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ರಂಗಗ್ರಾಮಕ್ಕೆ ಹೋಗಿ ಕೂತರೆ ಗೊತ್ತಾಗುತ್ತದೆ, ಜನ ಎಲ್ಲಿ ಮೈಯೆಲ್ಲ ಕಿವಿಯಾಗುತ್ತಾರೆ, ಎಲ್ಲಿ ಪಕ್ಕದವರ ಜೊತೆ ಮಾತಿಗಿಳಿಯುತ್ತಾರೆ ಅಂತ. ಆಗಾಗ ನಾನು ವೇದಿಕೆಗೆ ಬೆನ್ನು ಹಾಕಿ ಅವರ ಮುಖವನ್ನೇ ನೋಡುತ್ತೇನೆ.

ನಮ್ಮ ಉತ್ತರ ಕರ್ನಾಟಕದ ಜನಪದ ನಾಟಕವಾದ ದೊಡ್ಡಾಟದ ವಿಷಯದಲ್ಲಿ ಮಾತ್ರ ನನ್ನದು ಹಟ. ರಾತ್ರಿಯಿಡೀ ನಡೆಯುವ ಆಟವನ್ನು ಒಂದು ತಾಸಿಗೆ ಇಳಿಸಿಕೊಡಿ ಎಂದು ಸಂಘಟಕರು ಕೇಳುತ್ತಾರೆ. ಇಳಿಸಿದರೆ ಉಳಿಯುವುದು ಕಿರೀಟ, ಭುಜಕೀರ್ತಿ, ಒಂದಿಷ್ಟು ಕುಣಿತ. ಪಾತ್ರ ಪರದೆಯ ಹಿಂದಿನಿಂದ ಬರಬೇಕು, ಆಟ ನಡೆಸಿಕೊಡುವ ಸಾರಥಿ ತಾವು ಯಾರು ಎಂದು ಕೇಳಬೇಕು, ಅದು ಕುಣಿಯುತ್ತ ಗತ್ತಿನಿಂದ ಹೆಸರು ಹೇಳಿಕೊಳ್ಳಬೇಕು. ಇಷ್ಟಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತು ಕೊಡದಿದ್ದರೆ ಪಾತ್ರ ಬೆಳೆಯೋದಾದರೂ ಹೇಗೆ, ಅಲ್ವಾ?

ಹಾಗಾಗಿ ಒಂದು ಉತ್ಸವದ ಕೊನೆಯ ರಾತ್ರಿಯನ್ನು ಪೂರ್ತಿ ಆಟಕ್ಕೇ ಬಿಟ್ಟೆ. ಅದೇ ಸಂಜೆ ಸೃಜನಾ ರಂಗಮಂದಿರದಲ್ಲಿ ಒಬ್ಬ ನಟಿಯ ಮಾತಿಲ್ಲದ ಪ್ರಯೋಗ ಇಟ್ಟೆ. ಆಕೆಯ ಉಸಿರೂ ಕೇಳಬೇಕಿತ್ತು. ದೊಡ್ಡ ಸಭಾಂಗಣ ಅದಕ್ಕೆ ಒಗ್ಗುವುದಿಲ್ಲ. ಪರದೆ ಮುಚ್ಚಿ, ನೋಡುವವರನ್ನೂ ವೇದಿಕೆಯ ಮೇಲೆಯೇ ಮೂರು ಕಡೆ ಜಮಖಾನೆ ಹಾಸಿ ಕೂರಿಸಿದೆವು. ಟಿಕೆಟ್ ಕಡಿಮೆಯಾಯಿತು, ನಿಜ. ಆದರೆ ಬೆರಳೊಂದು ಮಡಚಿದರೂ ಎಲ್ಲರಿಗೂ ಕಾಣುತ್ತಿತ್ತು. ಮೈ ನಿಧಾನಕ್ಕೆ ಪಾತ್ರವಾಗುವುದನ್ನು ಅಲ್ಲಿ ನೋಡಿದ ಕಾಲೇಜು ಹುಡುಗರು, ರಾತ್ರಿ ದೊಡ್ಡಾಟದ ಹೆಜ್ಜೆಯಲ್ಲೂ ಅದನ್ನೇ ಗುರುತಿಸಿದರು. ಎರಡನ್ನೂ ಒಂದೇ ದಿನ ಇಟ್ಟಿದ್ದು ಇದಕ್ಕೇ. ಯಾವುದು ಹಳೆಯದು, ಯಾವುದು ಹೊಸದು ಎಂಬ ಭಾಷಣ ಬೇಕಾಗಲಿಲ್ಲ.

ಸಂವಾದ ಮರುದಿನ ಬೆಳಿಗ್ಗೆ, ಚಹಾ ಗಿರಮಿಟ್ ಜೊತೆ. ನಾಟಕ ಮುಗಿದ ಕೂಡಲೇ ಮೈಕ್ ಕೊಟ್ಟರೆ ಮಾತು ಬಲ್ಲವರೇ ಮಾತಾಡುತ್ತಾರೆ. ಒಂದು ರಾತ್ರಿ ಕಳೆದರೆ ಸುಮ್ನೆ ಕೂತಿದ್ದವರಿಗೂ ಕೇಳುವ ಧೈರ್ಯ ಬಂದಿರುತ್ತದೆ.

ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆಯೋದು ಕಲಾವಿದರ ಸಂಭಾವನೆ. ಫ್ಲೆಕ್ಸ್, ಹಾರ, ಶಾಲು ಆಮೇಲೆ. ನಗರದ ತಂಡಕ್ಕೆ ತಲೆಗೆ ಎಷ್ಟೋ, ಹಳ್ಳಿಯ ಮೇಳಕ್ಕೂ ಅಷ್ಟೇ. ಇದಕ್ಕೆ ಒಪ್ಪದ ಉತ್ಸವವನ್ನು ನಾನು ಕೈಗೆತ್ತಿಕೊಳ್ಳುವುದಿಲ್ಲ.