ಕ್ಯಾಟಲೇಸ್ ಹಾಕಿದ ಮೇಲೆ ಗೊತ್ತಾಗಿದ್ದು

ಒಂದೂವರೆ ವರ್ಷ ನನ್ನ ಲ್ಯಾಬ್ ಪ್ಲೇಟ್‌ಗಳಲ್ಲಿ ಗ್ರೀನ್ ಟೀಯಲ್ಲಿರುವ ಇಜಿಸಿಜಿ ಅನ್ನುವ ರಾಸಾಯನಿಕ ಪ್ರಾಸ್ಟೇಟ್ ಕ್ಯಾನ್ಸರ್ ಸೆಲ್ಸ್ ಕೊಲ್ಲುತ್ತಿತ್ತು. 50 ಮೈಕ್ರೊಮೋಲಾರ್ ಹಾಕಿದರೆ ಮಾರನೇ ದಿನ ಪಿಸಿ-3 ಅನ್ನುವ ಬಗೆಯ ಕ್ಯಾನ್ಸರ್ ಸೆಲ್ಸ್ ಬುಡ ಬಿಟ್ಟು ತೇಲುತ್ತಿತ್ತು. ಬದುಕಿರುವ ಸೆಲ್ಸ್ ಇದ್ದರೆ ನೇರಳೆಯಾಗುವ ಎಂಟಿಟಿ ಟೆಸ್ಟ್ ಮಾತ್ರ ಮುಕ್ಕಾಲು ಪಾಲು ಬದುಕಿವೆ ಅನ್ನುತ್ತಿತ್ತು. ಸುಮ್ನೆ ಒಂದು ದಿನ ಸೆಲ್ಸೇ ಇಲ್ಲದ ವೆಲ್‌ಗೂ (ಪ್ಲೇಟ್‌ನ ಗುಳಿಗೂ) ಇಜಿಸಿಜಿ, ಎಂಟಿಟಿ ಎರಡನ್ನೂ ಹಾಕಿಟ್ಟೆ. ಊಟ ಮುಗಿಸಿ ಬಂದು ನೋಡಿದರೆ ಅದೂ ನೇರಳೆ! ಇಜಿಸಿಜಿ ತಾನೇ ಬಣ್ಣ ತರಿಸುತ್ತಿತ್ತು. ಅವತ್ತಿನಿಂದ ಸತ್ತ ಸೆಲ್ಸ್‌ಗಷ್ಟೇ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಕೈಯಲ್ಲೇ ಎಣಿಸುತ್ತೇನೆ. ಕತ್ತು ನೋವು, ಆದರೆ ನೆಮ್ಮದಿ.

ಜಾಸ್ತಿ ದುಡ್ಡು ನುಂಗಿದ್ದು ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಸೆಲ್ಸ್ ಹೊರಬಿಡುವ ಪ್ರೋಟೀನ್ ಅಳೆಯುವ ಎಲೈಸಾ ಕಿಟ್. ಎಲ್‌ಎನ್‌ಕ್ಯಾಪ್ ಅನ್ನುವ ಇನ್ನೊಂದು ಬಗೆಯ ಪ್ರಾಸ್ಟೇಟ್ ಕ್ಯಾನ್ಸರ್ ಸೆಲ್ಸ್‌ನಲ್ಲಿ ಪಿಎಸ್‌ಎ ಅರ್ಧಕ್ಕೆ ಇಳಿಯಿತು ಅಂತ ಕುಣಿದೆವು. ಇಳಿದದ್ದು ಸೆಲ್ಸ್! ಅವು ಹಿಡಿದು ಕೂರುವ ಜಾತಿಯಲ್ಲ ಅಲ್ವಾ, ಮೀಡಿಯಂ (ಸೆಲ್ಸ್ ಬೆಳೆಸುವ ದ್ರವ) ಬದಲಿಸುವಾಗ ಪಿಪೆಟ್ ಜೊತೆ ಎದ್ದು ಹೋಗಿದ್ದವು. ನಾಲ್ಕು ಕಿಟ್, ಅಂದರೆ ವರ್ಷದ ಬಜೆಟ್‌ನ ಮೂರನೇ ಒಂದು ಪಾಲು ಸಿಂಕ್‌ಗೆ ಹೋಯಿತು. ಈಗ ಸೆಲ್ಸ್ ಅಂಟಿಕೊಳ್ಳಲೆಂದು ಪಾಲಿಲೈಸಿನ್ ಬಳಿದ ಪ್ಲೇಟ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಪಿಎಸ್‌ಎಯನ್ನು ಸೆಲ್ ಲೆಕ್ಕಕ್ಕೆ ಭಾಗಿಸದೆ ಬರೆಯುವುದೂ ಇಲ್ಲ.

ನಡುವೆ ಅರಿಶಿನದ ಕರ್ಕ್ಯುಮಿನ್‌ಗೂ ಕೈ ಹಾಕಿದೆ. ಸೀರಂ ಇಲ್ಲದ ಮೀಡಿಯಂನಲ್ಲಿ ಅದು ಅರ್ಧ ಗಂಟೆಯಲ್ಲೇ ಬಹುಪಾಲು ಒಡೆದುಹೋಗುತ್ತದೆ. ಮೂರು ದಿನ ನಾನು ಪರೀಕ್ಷಿಸಿದ್ದು ಕರ್ಕ್ಯುಮಿನ್ನೋ ಅದರ ಚೂರುಗಳೋ, ದೇವರಿಗೇ ಗೊತ್ತು. ಬಿಟ್ಟೆ.

ಇಜಿಸಿಜಿ ಮೀಡಿಯಂನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕೊಲ್ಲುತ್ತಿರುವುದು ಅದೇ ಇರಬಹುದು, ಅದನ್ನು ಒಡೆಯುವ ಕಿಣ್ವ ಕ್ಯಾಟಲೇಸ್ ಹಾಕಿ ನೋಡೋಣ ಅಂದೆ. 'ಇರುವ ರಿಸಲ್ಟೂ ಕಳಕೊಳ್ತೀಯ' ಅಂದರು ಸೀನಿಯರ್. ಲ್ಯಾಬಿನಲ್ಲಿ ಮಿಂಚಿದ ಸೆಲೆನಿಯಂ, 35,000ಕ್ಕೂ ಜಾಸ್ತಿ ಗಂಡಸರ ಮೇಲೆ ನಡೆದ, ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೇ ಅಂತ ನೋಡಿದ ಸೆಲೆಕ್ಟ್ ಟ್ರಯಲ್‌ನಲ್ಲಿ ಕೈಕೊಟ್ಟಿದ್ದು ನೆನಪಿತ್ತು. ಅದರಲ್ಲೇ ವಿಟಮಿನ್ ಇ ಒಂದನ್ನೇ ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಬಂದದ್ದು 2011ರಲ್ಲಿ ಗೊತ್ತಾಯಿತು. ಹೋದರೆ ಹೋಗಲಿ ಅಂತ ಹಾಕಿಯೇಬಿಟ್ಟೆ.

ಹೋಯಿತು. 50ರಲ್ಲೂ ಸಾವು ಹೆಚ್ಚುಕಡಿಮೆ ನಿಂತಿತು. ಆದರೆ ಕ್ಯಾಟಲೇಸ್ ಇದ್ದೂ 10 ಮೈಕ್ರೊಮೋಲಾರ್‌ನಲ್ಲಿ, ದಿನಾ ಹೊಸ ಮೀಡಿಯಂ ಕೊಟ್ಟು ಆರು ದಿನ ಇಟ್ಟಾಗ, ಎಲ್‌ಎನ್‌ಕ್ಯಾಪ್ ಕಂಟ್ರೋಲ್‌ಗಿಂತ ಕಾಲು ಭಾಗದಷ್ಟು ಕಡಿಮೆ ಬೆಳೆಯಿತು. ಪಿಸಿ-3 ಕ್ಯಾರೇ ಅನ್ನಲಿಲ್ಲ. ಟೀ ಕುಡಿದವರ ರಕ್ತದಲ್ಲಿ ಸಾಮಾನ್ಯವಾಗಿ 1 ಮೈಕ್ರೊಮೋಲಾರ್ ಕೂಡ ಇರುವುದಿಲ್ಲ, ಆದ್ದರಿಂದ ಇದನ್ನು ಔಷಧಿ ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ ಐದು ಸಲ ಮಾಡಿದರೂ ಅದೇ ಉತ್ತರ. ನಮ್ಮ ಲ್ಯಾಬಿನಲ್ಲಿ ಐದಕ್ಕೆ ಐದು ಬಂದದ್ದು ಇದೊಂದೇ!

ಮೊನ್ನೆ ಅದೇ ಸೀನಿಯರ್ ಬಂದು, ಕ್ಯಾಟಲೇಸ್ ಎಷ್ಟು ಹಾಕ್ತೀಯ ಅಂತ ಕೇಳಿದರು. 'ಮಿಲಿಲೀಟರ್‌ಗೆ 100 ಯೂನಿಟ್‌ನಿಂದ ಶುರು ಮಾಡಿ ಸರ್' ಅಂದೆ. ಯಾವ ಹೊತ್ತಿಗೆ ಹಾಕಬೇಕು ಅನ್ನುವುದನ್ನು ಹೇಳಲಿಲ್ಲ.