ಒಂಬತ್ತನೇ ಕ್ಲಾಸಿಗೆ ಓದೋ ಡಬ್ಬಿ ಮಾಡಿದ್ದು: ನನ್ನ ಅನುಭವ

ನಾನು ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ್ಯಾಗ ಕನ್ನಡ ಕಲಿಸ್ತೀನಿ. ಒಂಬತ್ತನೇ ಕ್ಲಾಸಿನ್ಯಾಗ 48 ಮಕ್ಕಳು, ಅದ್ರಾಗ ಹನ್ನೆರಡು ಹದಿಮೂರು ಮಂದಿಗೆ ಒತ್ತಕ್ಷರ ಬಂದ ಕೂಡ್ಲೇ ಓದು ನಿಂತುಬಿಡ್ತದ. ದಡ್ಡರಲ್ರಿ ಅವ್ರು. ಮನ್ಯಾಗ ಒಬ್ರದು ಲಂಬಾಣಿ, ಒಬ್ರದು ಉರ್ದು, ಒಬ್ರದು ತೆಲುಗು, ಮತ್ತ ಅಪ್ಪ ಅವ್ವ ದುಡಿಲಕ್ಕ ಮುಂಬೈ ಪುಣೆ ಅಂತ ಹೋದ್ರ ಮಕ್ಕಳನ್ನೂ ಕರ್ಕೊಂಡೇ ಹೋಗ್ತಾರ, ಹಿಂಗಾಗಿ ಅಕ್ಷರ ಕೂಡೋ ವಯಸ್ಸಿನ್ಯಾಗ ಎರಡು ಮೂರು ವರ್ಷ ಹೋಗೇಬಿಟ್ಟಿರ್ತಾವ.

ನಲಿಕಲಿ ಇರೋದು 1ರಿಂದ 3ನೇ ಕ್ಲಾಸಿಗೆ, ಗುಂಪು ಮಾಡಿ ಕೂಡ್ಸಿ ಕಲಿಸೋ ಆ ಪದ್ಧತಿ ಭಾಳ ಚೊಲೋ ಅದ ಅಂತ ನಾನು ಬಾಜೂ ಪ್ರೈಮರಿ ಸಾಲಿಯಿಂದ ಕಾರ್ಡ್ ಇಸ್ಕೊಂಡು ಬಂದು ಕ್ಲಾಸಿನ್ಯಾಗ ಐದು ಮೂಲಿ ಮಾಡ್ದೆ. ತಪ್ಪಾಯ್ತು. ಮೀಸಿ ಚಿಗುರಿದ ಒಬ್ಬ ಹುಡುಗ ಕಾರ್ಡ್ ನೋಡ್ದ, ಬೋರಲ ಹಾಕಿ ಇಟ್ಟ, 'ಇದು ನಮ್ ತಂಗಿ ಓದೂದ್ರಿ ಮೇಡಂ' ಅಂದ, ಸಣ್ಣ ದನಿಯಾಗ. ಅವತ್ತು ರಾತ್ರಿ ನನಗ ನಿದ್ದಿ ಬರ್ಲಿಲ್ಲ. ದೊಡ್ಡ ಮಕ್ಕಳಿಗೆ ಓದಲಕ್ಕ ಬರ್ದೇ ಇರೋದಕ್ಕಿಂತ ಅದು ಬಾಜೂದವರಿಗೆ ಗೊತ್ತಾಗೋದೇ ದೊಡ್ಡ ಸಂಕಟ. ಅದೂ ಅಲ್ದೆ 40 ನಿಮಿಷದ ಪೀರಿಯಡ್‌ನಾಗ 48 ಮಂದಿ ಮೂಲಿಯಿಂದ ಮೂಲಿಗೆ ತಿರುಗೋದ್ರಾಗೇ ಅರ್ಧ ಟೈಮ್ ಹೋಗ್ತಿತ್ತು.

ಆಮ್ಯಾಲ ಮಕ್ಕಳನ್ನ ಕೂತಲ್ಲೇ ಬಿಟ್ಟು ಡಬ್ಬಿ ತಿರುಗಿಸ್ಲಕ್ಕ ಶುರು ಮಾಡ್ದೆ. ಬೂಟಿನ ಡಬ್ಬಿ ಎಂಟು, ಆರಾರು ಮಂದಿ ಗುಂಪು, ವಾರಕ್ಕ ಎರಡು ಪೀರಿಯಡ್. ಎಲ್ಲಾ ಡಬ್ಬಿಯೊಳಗ ಓದೋ ಕಾಗದ ಒಂದೇ, ಕೆಲಸ ಬೇರೆ ಬೇರೆ, ಒಂದ್ರಾಗ ಜೋಡಿಯಾಗಿ ಓದೋದು, ಒಂದ್ರಾಗ ಒತ್ತಕ್ಷರದ ಶಬ್ದ ಹುಡುಕಿ ಬರೆಯೋದು, ಒಂದ್ರಾಗ ಪ್ರಶ್ನೆ ತಯಾರು ಮಾಡೋದು, ಹಿಂಗ. ನಾನು ಕಿಡಕಿ ಹತ್ರ ಕೂತು ಒಬ್ಬೊಬ್ಬರನ್ನೇ ಕರ್ದು ಓದಿಸ್ತೀನಿ, ಚೊಲೋ ಓದೋರನ್ನೂ ಕರೀತೀನಿ, ಅದಕ್ಕ ಬರ್ಲಕ್ಕ ಯಾರಿಗೂ ನಾಚಿಕಿ ಆಗಲ್ಲ. ಇದೊಂದು ಮಾತ್ರ ಯಾರೂ ಬಿಡಬ್ಯಾಡ್ರಿ.

ಕಾಗದ ಅಂದ್ರ ಪಾಠದ್ದಲ್ಲ. ಒಬ್ಬಾಕಿ ಅವರಪ್ಪ ತೊಗರಿ ಮಾರಿದ ಅಡತಿ (ದಲಾಲಿ) ಅಂಗಡಿ ಪಟ್ಟಿ ತಂದ್ಲು, ಹೆಸರು ಮಡಚಿ ಝೆರಾಕ್ಸ್ ಮಾಡ್ಸಿದೆ. ಅವತ್ತು ಕಾರ್ಡ್ ಬೋರಲ ಹಾಕಿದ್ನಲ್ಲ, ಆ ಹುಡುಗನ ಸರದಿ ಬಂತು. 'ಮೊತ' ಅಂದ, ನಿಂತ. ಬೆರಳು ಕೆಳಗಿನ ಒತ್ತಿನ ಮ್ಯಾಲ ಇಟ್ಟ, ತುಟಿ ಒಳಗೊಳಗೇ ಅಲ್ಲಾಡಿದ್ವು, 'ಮೊತ್... ತ' ಅಂದ, ಮತ್ತ ಕೂಡಿಸಿ 'ಮೊತ್ತ'. ನಾನು ಏನೂ ಅನ್ಲಿಲ್ಲ. ತಾನೇ ಮ್ಯಾಲ ಹೋಗಿ 'ಒಟ್ಟು' ಹುಡುಕಿದ, 'ಕ್ವಿಂಟಲ್' ಓದ್ದ, ವಾಪಸ್ ಗುಂಪಿಗೆ ಹೋಗಿ ಹಮಾಲಿ ಕಳದ್ರ ಎಷ್ಟ ಉಳೀತದ ಅಂತ ಬಾಜೂದವನಿಗೆ ಲೆಕ್ಕ ಹೇಳ್ಲತ್ತಿದ್ದ. ಮುಂದಿನ ವಾರ ನಮ್ಮ ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಇದು ಈ ಸೀಮಿದೇ ಮಾಲು ಅನ್ನೋ ಸರ್ಕಾರದ ಗುರುತು) ಸಿಕ್ಕಿದ್ದನ್ನ ನಾನೇ ಹತ್ತು ಸಾಲಿನ್ಯಾಗ ಬರೆದು ಡಬ್ಬಿಗೆ ಹಾಕಿದೆ, ಅದನ್ನ ಮನಿಗೆ ಒಯ್ದು ಅಪ್ಪಗ ಓದಿ ಹೇಳ್ದೆ ಅಂತ ನಾಲ್ಕು ಮಂದಿ ಬಂದು ಹೇಳಿದ್ರು.

ಇಬ್ಬರಿಗೆ ಇನ್ನೂ ಕಾಗುಣಿತಾನೇ ಕೂಡಿಲ್ಲ, ಅವ್ರಿಗೆ ಸಾಲಿ ಬಿಟ್ಟ ಮ್ಯಾಲ ಅರ್ಧ ತಾಸು ಕೂಡ್ತೀನಿ. ಮೊನ್ನೆ ಆ ಹುಡುಗ ಬಸ್ ಸ್ಟ್ಯಾಂಡಿನ ಟೈಮಿಂಗ್ ಬೋರ್ಡ್ ಪೂರಾ ನೋಟ್‌ಬುಕ್ಕಿನ್ಯಾಗ ಬರ್ಕೊಂಡು ಬಂದು 'ಇದು ಮುಂದಿನ ಡಬ್ಬಿಗ್ರಿ ಮೇಡಂ' ಅಂತ ಟೇಬಲ್ ಮ್ಯಾಲ ಇಟ್ಟು ಹೋದ. ಸೋಮವಾರ ಅದೇ ಹಾಕ್ತೀನಿ.